ರೆಕ್ಕೆ ಇಲ್ಲದ ಹಾವು

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಾನು ಒಂದು ಡ್ರ್ಯಾಗನ್ನನ್ನು ಗುಹೆಯಿಂದ ಹೊರಗೆ ಕರೆತರುತ್ತಿದ್ದೆ. ಹೊತ್ತು ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತೆಂದರೆ, ಗೋಡೆ ಗಡಿಯಾರ ಮಗ್ಗದ ಎದುರಿಗೇ ಇದೆ. ಅಲ್ಲಿಂದ ಮುಂದಿನ ಏಳು ನಿಮಿಷ ನಾನು ನೋಡಿದ್ದು ಎರಡೇ: ಗಡಿಯಾರದ ಮುಳ್ಳು ಮತ್ತು ಅತ್ತೆಯ ಕಾಲು.

ಮೊದಲು ನನ್ನ ದುರಭ್ಯಾಸ ಹೇಳಿಬಿಡುತ್ತೇನೆ. ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಓದುವುದು ಮಾತ್ರ ಮಾಟಗಾರರು, ಮಾತಾಡುವ ಕತ್ತಿಗಳು ತುಂಬಿದ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದ ಮೇಲೆ ಈ ಚಟಕ್ಕೆ ಒಬ್ಬರು ಕೇಳುಗರೂ ಸಿಕ್ಕರು. ನಮ್ಮ ಅತ್ತೆ. ಅವರು ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ, ಮೇಲೆ ಲಾಳಿ ಆಡಿಸುವ ಕೆಲಸ. ಕಣ್ಣು, ಕೈ, ಕಾಲು ಎಲ್ಲಕ್ಕೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಅದಕ್ಕೆ ಭಾನುವಾರಗಳಂದು ನಾನು ಕಥೆ ತುಂಬುತ್ತೇನೆ. ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುವಾಗ ಕೈಯಿಂದಲೂ ಒಂದಿಷ್ಟು ಹಾಕುತ್ತೇನೆ. ರಾಜಕುಮಾರಿಗೆ ದೇವಸಮುದ್ರದ ಬಸ್ಸು ತಪ್ಪಿದೆ. ಮಾಟಗಾರ ಚಳ್ಳಕೆರೆಯಲ್ಲಿ ಕಂಬಳಿ ಕೊಂಡಿದ್ದಾನೆ. ಅತ್ತೆ ‘ರೆಕ್ಕೆ ಹಾವು’ ಎಂದು ಹೆಸರಿಟ್ಟ ಡ್ರ್ಯಾಗನ್ ನಮ್ಮ ಓಣಿಯ ಮೇಲೂ ಎರಡು ಸಲ ಹಾರಿಹೋಗಿದೆ.

ಕೆಟ್ಟಿದ್ದು ಅದರಿಂದಲೇ. ಪುಟ ಮಗುಚಲು ತಲೆ ತಗ್ಗಿಸಿದರೆ ಗುಂಡಿಯೊಳಗೆ, ಅತ್ತೆಯ ಎಡಗಾಲಿನ ಪಕ್ಕದಲ್ಲೇ ನಾಗರಹಾವು.

“ಅತ್ತೆ, ಗುಂಡೀಲಿ ಹಾವು!” ಎಂದೆ.

“ಬಂತಾ ನಮ್ಮನೀಗೂ?” ಅತ್ತೆಗೆ ಖುಷಿಯೋ ಖುಷಿ. ಲಾಳಿ ಇನ್ನೊಮ್ಮೆ ಓಡಿತು. “ಬರ್ಲಿ ಬರ್ಲಿ. ರೆಕ್ಕೆ ಮಡಚ್ಕೊಂಡು ಕುಂತೈತೋ ಹೆಂಗೆ?”

“ಕಥೆ ಅಲ್ಲ ಅತ್ತೆ, ನಿಜವಾಗ್ಲೂ!”

“ಹೋದ್ವಾರಾನೂ ಹಿಂಗೇ ಅಂದಿ. ಬಾಗ್ಲಾಗೆ ರಾಕ್ಷಸ ನಿಂತವ್ನೆ ಅಂದಿ, ನೋಡಿದ್ರೆ ಪಕ್ಕದ್ಮನೆ ಓಬಳಪ್ಪ!”

ಹೇಳುತ್ತಲೇ ಹಲಗೆ ಒತ್ತಿದರು. ಹೆಡೆ ಎದ್ದಿತು.

ಆಗ ನನ್ನ ಬಾಯಿಂದ ತೆಲುಗು ಹೊರಬಿತ್ತು. ಅತ್ತೆಯ ಮನೆಮಾತು ತೆಲುಗು, ನನ್ನದು ಕನ್ನಡ. ನನ್ನ ತೆಲುಗಿಗೆ ಇಡೀ ಓಣಿ ನಗುವುದರಿಂದ ನಾನದನ್ನು ಆಡುವುದೇ ಇಲ್ಲ. ಕಥೆಯಲ್ಲಂತೂ ಒಂದು ದಿನವೂ ಆಡಿದವಳಲ್ಲ. “ಅತ್ತಾ, ಪಾಮು! ಕದಲೊದ್ದು!” ಎಂದೆ. ಹಾವು, ಅಲ್ಲಾಡಬೇಡಿ ಎಂದಷ್ಟೇ. ಈ ಸೊಸೆ ತೆಲುಗಿಗೆ ಇಳಿದಿದ್ದಾಳೆಂದರೆ ಅದು ಕಥೆಯಾಗಿರಲಾರದು ಎಂದು ಅತ್ತೆಗೆ ಹೊಳೆದಿರಬೇಕು. ಲಾಳಿ ಕೈಯಲ್ಲೇ ನಿಂತಿತು.

ಒತ್ತಿದ ಹಲಗೆಯಿಂದ ಕಾಲು ತೆಗೆದರೆ ಅದು ಮೇಲಕ್ಕೆ ಚಿಮ್ಮುತ್ತದೆ. ಅರವತ್ತು ದಾಟಿದ ಆ ಕಾಲು ಏಳು ನಿಮಿಷ ಒತ್ತಿಹಿಡಿದೇ ಇತ್ತು. ಕಡೆಗೆ ಹಾವು ಹೆಡೆ ಇಳಿಸಿ, ಅವರ ಪಾದದ ಮೇಲೆ ಹರಿದು, ಗುಂಡಿಯ ಮೂಲೆಯ ಬಿಲಕ್ಕೆ ನುಗ್ಗಿತು. ಅತ್ತೆಯನ್ನು ಮೇಲಕ್ಕೆಳೆದುಕೊಂಡೆ. ಸಂಜೆಯೊಳಗೆ ಹಾವು ಹಿಡಿಯುವವರು ಬಂದು ಅದನ್ನು ಗುಡ್ಡದ ಕಡೆ ಒಯ್ದರು, ಓಬಳಪ್ಪ ಬಿಲಕ್ಕೆ ಸಿಮೆಂಟು ಮೆತ್ತಿದರು, ಅತ್ತೆ ಮರುದಿನವೇ ಮಗ್ಗಕ್ಕೆ ಇಳಿದರು. ನಿದ್ದೆ ಕಳೆದುಕೊಂಡವಳು ನಾನು.

ಕಣ್ಣು ಮುಚ್ಚಿದರೆ ಹಲಗೆ. ಕಾಲೇಜಿಗೆ ಹೋಗುವ ಬಸ್ಸಿನಲ್ಲಾದರೂ ಅದು ಕಾಣದಿರಲೆಂದು ಮೊಬೈಲಿನಲ್ಲಿ ಸಿನಿಮಾ ಹಾಕಿದೆ. ನಾಯಕ ಹನ್ನೆರಡು ಜನರನ್ನು ಗಾಳಿಯಲ್ಲೇ ಬಡಿಯುವ ಚಿತ್ರ. ಮುಂಚೆ ಇಂಥದ್ದಕ್ಕೆ ಸೀಟಿ ಹೊಡೆಯುತ್ತಿದ್ದ ನಾನು ಈಗ ಅವನ ಕಾಲನ್ನೇ ನೋಡುತ್ತಿದ್ದೆ. ಎಷ್ಟು ಅಲ್ಲಾಡಿಸುತ್ತಾನೆ, ಪುಣ್ಯಾತ್ಮ! ಗುಂಡಿಮಗ್ಗದಲ್ಲಿ ಒಂದು ನಿಮಿಷ ಬದುಕುತ್ತಿರಲಿಲ್ಲ. ಆಮೇಲೆ ಸಿಕ್ಕಿದ್ದು ಹಿಟ್ಟಿನ ಗಿರಣಿ ನಡೆಸುವ ಗಂಡ ಹೆಂಡಿರ ಚಿತ್ರ. ಎರಡು ಗಂಟೆಯಲ್ಲಿ ಆಗುವ ಅತಿ ದೊಡ್ಡ ಅನಾಹುತವೆಂದರೆ ಗಿರಣಿಯ ಬೆಲ್ಟು ಹರಿಯುವುದು. ಅಷ್ಟು ಹಿತವಾದ ಸಿನಿಮಾ ನನಗೆ ಇತ್ತೀಚೆಗೆ ಸಿಕ್ಕಿಲ್ಲ. ಮೂರು ಸಲ ನೋಡಿದೆ. ಮೂರು ಸಲವೂ ಏನೂ ಆಗಲಿಲ್ಲ.

ಸಂಗೀತದಲ್ಲಿ ನಾನು ಆಲಾಪವನ್ನು ಬೆರಳಿನಿಂದ ಮುಂದೆ ತಳ್ಳುವ ಪೈಕಿ. ಬೇಗ ಹಾಡು ಬರಲಿ ಎಂಬ ಅವಸರ. ಆ ವಾರ ತಳ್ಳಲಿಲ್ಲ. ಗಾಯಕಿ ಷಡ್ಜದ ಮೇಲೆ ನಿಂತಳು, ನಿಂತೇ ಇದ್ದಳು. ಅಲ್ಲಾಡದೆ ಇರುವುದಕ್ಕೆ ಎಷ್ಟು ಬಲ ಬೇಕೆಂದು ಈಗಷ್ಟೇ ನೋಡಿದವಳಿಗೆ ಕಣ್ಣು ತುಂಬಿ ಬಂತು. ಕಂಡಕ್ಟರ್ ಗಾಬರಿಯಾಗಿ, “ಯಾಕ್ರೀ ಮೇಡಂ, ಸ್ಟಾಪ್ ತಪ್ಪಿತಾ?” ಎಂದ.

ಡ್ರ್ಯಾಗನ್ನಿನ ಪುಸ್ತಕ ಮಾತ್ರ ತೆರೆಯಲಾಗಲಿಲ್ಲ. ಅದರ ಬದಲು, ಮಾಟಗಾತಿಯೊಬ್ಬಳು ಕದನವೆಲ್ಲ ಮುಗಿದ ಮೇಲೆ ಕುಂಬಳಬಳ್ಳಿ ಬೆಳೆಸುವ ಕಾದಂಬರಿ ಓದಿ ಸಂತೋಷಪಟ್ಟೆ. ನಮ್ಮ ಪುರಾಣ ನೋಡಿ: ಹಾವನ್ನೇ ಹಾಸಿಗೆ ಮಾಡಿಕೊಂಡು ಮಲಗಿದ ದೇವರಿದ್ದಾನೆ. ಭಕ್ತರು ಅವನಲ್ಲಿ ಏನೇನೋ ಬೇಡುತ್ತಾರೆ. ಅವನ ನಿದ್ದೆ ಕಂಡು ಹೊಟ್ಟೆಕಿಚ್ಚು ಪಟ್ಟವಳು ನಾನೊಬ್ಬಳೇ ಇರಬೇಕು.

ಮೂರನೆಯ ಭಾನುವಾರ ಓಣಿಯ ಹೆಂಗಸರು ಮಾತಾಡಿಸಲು ಬಂದರು. ನಾನು ಬಾಯಿ ತೆರೆಯದ್ದು ಕಂಡು ಅತ್ತೆಯೇ ಶುರು ಮಾಡಿದರು. ಅವರ ಹಾವು ಸೀರೆಯಷ್ಟು ಉದ್ದವಿತ್ತು. “ಹೆಡೆ ಮೊರದಷ್ಟು ಐತೆ. ನಮ್ಮ ಸೊಸಿ ಏನ್ಮಾಡಿದ್ಲು ಗೊತ್ತೇನು? ಅದರ ಕೂಟೆ ತೆಲುಗು ಮಾತಾಡಿದ್ಲು. ಇವಳ ತೆಲುಗು ತಡೀಲಾರ್ದೆ ಅದು ಓಡೋತು ಕಣ್ರೇ!”

“ಹೌದ್ರವ್ವ,” ಬಾಗಿಲಲ್ಲಿ ನಿಂತಿದ್ದ ಓಬಳಪ್ಪ ಸಾಕ್ಷಿ ನುಡಿದರು. “ಪಕ್ಕದ್ಮನ್ಯಾಗೆ ನಾನೇ ಕಿವಿ ಮುಚ್ಕೊಂಡಿದ್ದೆ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ತಡವಾಗಿ ಶುರುಮಾಡಿದ ನಾನು ಎಲ್ಲರಿಗಿಂತ ತಡವಾಗಿ ನಿಲ್ಲಿಸಿದೆ. ಏಳು ನಿಮಿಷವನ್ನು ಮೂರು ವಾರ ನಾನೊಬ್ಬಳೇ, ಒಂದು ಸೆಕೆಂಡೂ ಹೆಚ್ಚುಕಡಿಮೆ ಆಗದಂತೆ, ಕಾದಿಟ್ಟುಕೊಂಡಿದ್ದೆ. ಅವರು ಅದನ್ನು ಎಳೆದಾಡಿ, ಹಿಗ್ಗಿಸಿ, ಓಣಿಗೆಲ್ಲ ಹಂಚಿಬಿಟ್ಟರು.

ಸೋಮವಾರ ಎಚ್ಚರವಾದಾಗ ಬಿಸಿಲು ಮಂಚದ ಮೇಲಿತ್ತು, ಚಳ್ಳಕೆರೆಯ ಬಸ್ಸು ಹೋಗಿ ಎರಡು ಗಂಟೆಯಾಗಿತ್ತು. “ನಾನೇ ಎಬ್ಬಿಸ್ಲಿಲ್ಲ,” ಎಂದರು ಅತ್ತೆ. ಪ್ರಾಂಶುಪಾಲರಿಗೆ ರಜೆಯ ಸಂದೇಶ ಬರೆಯಲು ಕೂತೆ. ಕಾರಣ: ಜ್ವರ ಎಂದು ಬರೆದೆ, ಅಳಿಸಿದೆ. ತಲೆನೋವು ಎಂದು ಬರೆದೆ, ಅದನ್ನೂ ಅಳಿಸಿದೆ. ಕಡೆಗೆ, ಚೆನ್ನಾಗಿ ನಿದ್ದೆ ಬಂತು ಎಂದು ಬರೆದು ಕಳಿಸಿಬಿಟ್ಟೆ.