ಟೈಲರ್ ತೆಗೆದ ಬಾಗಿಲಿನ ಅಳತೆ

ನಲವತ್ತು ವರ್ಷ ಊರಿನವರ ಕೊರಳು, ತೋಳು, ಸೊಂಟ ಅಳೆದವನಿಗೆ ಒಂದು ಬಾಗಿಲು ಯಾವ ಮಹಾ? ಟೈಲರ್ ಹಾಗಂದುಕೊಂಡದ್ದೇ ಎಡವಟ್ಟಾಯಿತು.

ಹಿಂದಿನ ಅಂಗಳಕ್ಕೆ ತೆರೆಯುವ ಗಾಜಿನ ಜಾರುಬಾಗಿಲಿನ ಹಳಿ ನೆಲದಿಂದ ಎರಡು ಇಂಚು ಮೇಲೆದ್ದು ನಿಂತಿತ್ತು. ಅದಕ್ಕೆ ಕಾಲು ತಾಗಿ ಬಿದ್ದೇ ಅವನ ಹೆಂಡತಿ ಸೊಂಟದ ಮೂಳೆ ಮುರಿದುಕೊಂಡದ್ದು. ಐದು ತಿಂಗಳಿಂದ ವಾಕರ್ ಹಿಡಿದು ಒಳಗೊಳಗೇ ಓಡಾಡುತ್ತಿದ್ದಳು. ಅಂಗಳವನ್ನು ಗಾಜಿನಾಚೆಯಿಂದ ನೋಡುವುದಷ್ಟೇ ಅವಳ ಪಾಲಿಗೆ ಉಳಿದಿತ್ತು.

ಹೊಸ ಬಾಗಿಲಿಗಾಗಿ ಟೈಲರ್ ಮೂರು ಅಂಗಡಿ ಸುತ್ತಿದ. ಒಂದು ಬಾಗಿಲಿನ ಗಾಲಿ ಕಿರುಗುಟ್ಟಿತು, ಇನ್ನೊಂದರ ಚಿಲಕ ಎತ್ತರದಲ್ಲಿತ್ತು. ಕೊನೆಗೆ ಹಳಿ ನೆಲದ ಮಟ್ಟಕ್ಕೇ ಇಳಿದು ಕೂರುವ ಬಾಗಿಲೊಂದು ಸಿಕ್ಕಿತು. "ನಮ್ಮ ಫಿಟ್ಟರ್ ಬಂದು ಅಳತೆ ತಗೋಬೇಕು, ಹತ್ತು ದಿನ ಆಗುತ್ತೆ," ಎಂದರು ಅಂಗಡಿಯವರು. ಅಷ್ಟು ದಿನ ಕಾಯುವ ತಾಳ್ಮೆ ಅವನಿಗೆಲ್ಲಿ? ಮನೆಗೆ ಹೋದವನೇ ಟೇಪು ಎಳೆದ. ಮರುದಿನ ಅಳತೆಯ ಚೀಟಿ ಒಯ್ದು ಅಂಗಡಿಯವರ ಕೈಗಿತ್ತ. ಹೆಂಡತಿಗೆ ಮಾತ್ರ, "ನೀನು ಆಸ್ಪತ್ರೆಗೆ ಹೋಗಿದ್ದಾಗ ಫಿಟ್ಟರ್ ಬಂದು ಅಳೆದ," ಎಂದು ಸುಳ್ಳು ಹೇಳಿದ.

ಬಾಗಿಲು ಬಂದ ದಿನ ಫಿಟ್ಟರ್ ಮತ್ತು ಅವನ ಭಾವಮೈದ ಮಧ್ಯಾಹ್ನದೊಳಗೆ ಹಳೆಯದನ್ನು ಕಿತ್ತು, ಹಳಿಗೆ ನೆಲದಲ್ಲಿ ಕಾಲುವೆ ಕೊರೆದರು. ಗೋಡೆ ಬಾಯಿ ತೆರೆದು ನಿಂತಿತು. ಹೊರಗೆ ಮೋಡ ಕಟ್ಟಿತ್ತು. ಹೊಸ ಚೌಕಟ್ಟನ್ನು ಎತ್ತಿ ನಿಲ್ಲಿಸಿದರು. ಮೇಲ್ಭಾಗ ಸಲೀಸಾಗಿ ಒಳಹೋಯಿತು. ಮೊಣಕಾಲಿನ ಎತ್ತರದಲ್ಲಿ ಗಕ್ಕನೆ ಸಿಕ್ಕಿಕೊಂಡಿತು.

ಫಿಟ್ಟರ್ ಟೇಪು ಹಿಡಿದ. "ಕೆಳಗೆ ಅರ್ಧ ಇಂಚು ಕಮ್ಮಿ. ಗೋಡೆ ಉಬ್ಬಿದೆ."

ಟೈಲರ್ ಅಳೆದದ್ದು ಎದೆಯ ಎತ್ತರದಲ್ಲಿ, ಒಂದೇ ಸಲ.

"ಅದನ್ನ ಅಳತೆ ತಗೊಳ್ಳೋವಾಗ ನೋಡ್ಬೇಕಿತ್ತು!" ಹೆಂಡತಿ ಕುರ್ಚಿಯಿಂದಲೇ ಫಿಟ್ಟರ್ ಮೇಲೆ ಗುಡುಗಿದಳು. "ಕಣ್ಣು ಎಲ್ಲಿಟ್ಕೊಂಡಿದ್ಯಪ್ಪಾ? ಮಳೆ ಬಂದ್ರೆ ಮನೆಯೊಳಗೆ ದೋಣಿ ಬಿಡೋದಾ? ತಾಳು, ನಿಮ್ಮ ಅಂಗಡಿಗೇ ಫೋನ್ ಮಾಡ್ತೀನಿ."

ಫಿಟ್ಟರ್ ಟೈಲರನ ಮುಖ ನೋಡಿದ. ಚೀಟಿಯ ಅಕ್ಷರ ಯಾರದೆಂದು ಅವನಿಗೆ ಗೊತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಅವಳು ನಂಬರ್ ಒತ್ತತೊಡಗಿದಳು.

"ಬೇಡ ಕಣೆ," ಟೈಲರ್ ತಡವರಿಸಿದ. "ಅಳತೆ ತಗೊಂಡಿದ್ದು ನಾನೇ. ಅವನು ಬಂದೇ ಇರ್ಲಿಲ್ಲ. ನಿನಗೆ ಸುಳ್ಳು ಹೇಳ್ದೆ."

ಅವಳು ಫೋನ್ ಮಡಿಲಲ್ಲಿಟ್ಟುಕೊಂಡಳು. ಅಷ್ಟರಲ್ಲಿ ಮೊದಲ ಹನಿಗಳು ನೆಲದ ಮೇಲೆ ಬಿದ್ದವು.

"ಗೋಡೆ ಕೆತ್ತಬೇಕು ಸಾರ್," ಎಂದ ಫಿಟ್ಟರ್. "ಒಳಗೆ ವೈರ್ ಇದ್ರೂ ಇರಬಹುದು, ಮೇನ್ ಆಫ್ ಮಾಡಿ. ಇಟ್ಟಿಗೆ ಹೇಗಿದೆಯೋ, ಗ್ಯಾರಂಟಿ ಕೊಡಲ್ಲ."

ಟೈಲರ್ ಮೇನ್ ಆಫ್ ಮಾಡಿ ಬಂದು, ಹೊರಗೆ ನಿಂತು ಎರಡೂ ಕೈಯಲ್ಲಿ ತಾಡಪಾಲು ಎತ್ತಿ ಹಿಡಿದ. ಮಳೆ ಬೆನ್ನಿಗೆ ರಾಚುತ್ತಿತ್ತು. ಒಳಗೆ ಗೋಡೆಯ ಮೇಲೆ ಉಳಿಯ ಏಟು ಬೀಳತೊಡಗಿತು. ಒಮ್ಮೆ ಮುಷ್ಟಿಗಾತ್ರದ ಇಟ್ಟಿಗೆ ಚೂರು ಕಳಚಿ ಬಿತ್ತು. ಗೋಡೆ ನಿಂತಿತು. ಫಿಟ್ಟರ್ ಅಲ್ಲಿಗೆ ಸಿಮೆಂಟು ಮೆತ್ತಿದ. ಚೌಕಟ್ಟು ಒಳಗೆ ಕೂತಿತು, ಮಟ್ಟ ನೋಡಲು ಅದರ ಮೇಲಿಟ್ಟ ರಸಮಟ್ಟದ ಗುಳ್ಳೆ ನಡುವೆ ಬಂದು ನಿಂತಿತು.

ಇನ್ನು ಗಾಜು. ಮೂವರೂ ಸೇರಿ ಎತ್ತುತ್ತಿದ್ದಂತೆ ಗಾಳಿ ರಪ್ಪನೆ ಬಡಿದು, ಗಾಜಿನ ಹಲಗೆ ಟೈಲರನ ಕಡೆಗೆ ವಾಲಿತು.

"ಬಿಡಬೇಡ್ರೀ!" ಹೆಂಡತಿ ಕಿರುಚಿದಳು.

ಅವನು ಭುಜ ಕೊಟ್ಟ. ಕಾಲು ಜಾರಿತು, ಮಂಡಿಯೂರಿದ, ಆದರೂ ಬಿಡಲಿಲ್ಲ. ಭಾವಮೈದ ಅಂಚು ಹಿಡಿದೆಳೆದ. ಗಾಲಿಗಳು ಹಳಿಯ ಮೇಲೆ ಕಟಕ್ಕೆಂದು ಕೂತವು.

ಹೊರಡುವಾಗ ಟೈಲರ್ ಫಿಟ್ಟರನ ಕೈ ಹಿಡಿದು, "ಆಗಲೇ ಯಾಕಪ್ಪಾ ಹೇಳ್ಲಿಲ್ಲ?" ಎಂದ.

"ನೀವೇ ಹೇಳ್ತೀರೇನೋ ಅಂತ ನೋಡ್ದೆ ಸಾರ್. ಅಂಗಡಿಗೆ ಫೋನ್ ಹೋಗಿದ್ರೆ ನಾನೂ ಸುಮ್ನಿರ್ತಿರ್ಲಿಲ್ಲ."

ಎರಡು ದಿನ ಹೆಂಡತಿ ಅವನೊಂದಿಗೆ ಮಾತುಬಿಟ್ಟಳು. ಮೂರನೆಯ ಬೆಳಿಗ್ಗೆ ಬಾಗಿಲು ಸರಿಸಿ, ವಾಕರ್ ಮುಂದಿಟ್ಟು, ಒಂದೊಂದೇ ಹೆಜ್ಜೆಯಾಗಿ ಅಂಗಳಕ್ಕೆ ಇಳಿದಳು. ಅವನು ಹಿಂದೆಯೇ ಕುರ್ಚಿ ತಂದಿಟ್ಟ.

ಅವಳು ಕೂತು ಸುಧಾರಿಸಿಕೊಂಡಳು. ಆಮೇಲೆ ಅವನ ಕಡೆ ತಿರುಗದೆಯೇ ಅಂದಳು, "ಇನ್ನೊಂದು ತನ್ನಿ. ನಿಮ್ಮ ಮಂಡಿ ಇನ್ನೂ ಊದಿದೆ."