ಕಡಿಯದ ಟೊಂಗೆ

ಈ ಸಂಗತಿಯನ್ನು ನಾನು ಇದುವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ. ತಪ್ಪಾಗಿ ಮಾತ್ರ ಬಹಳ ಸಲ ಹೇಳಿದ್ದೇನೆ. ಶಿರಸಿಯಲ್ಲಿ ಜನ ನನ್ನನ್ನು "ಯಲ್ಲಾಪುರದ ಪಂದ್ಯ ಗೆದ್ದ ಮಾಸ್ತರು" ಎಂದು ಕರೆದಾಗಲೆಲ್ಲ ತಲೆ ತಗ್ಗಿಸಿ ನಕ್ಕು, ವಿನಯವಂತ ಎಂಬ ಹೆಸರನ್ನೂ ಗಿಟ್ಟಿಸಿಕೊಂಡೆ. ಅದು ವಿನಯವಲ್ಲ, ಅಳುಕು.

ಮೂವತ್ತರ ದಶಕದ ನಡುವಿನ ಮಾತು. ಶಿರಸಿಯ ಹುಡುಗರು ಯಲ್ಲಾಪುರದವರೆಗೆ ಸೈಕಲ್ ಪಂದ್ಯ ನಡೆಸಿದ್ದರು. ಮೂವತ್ತು ಮೈಲಿ, ಹತ್ತಿ ಇಳಿದು ಹತ್ತಿ ಇಳಿದು ಸೊಂಟ ಕಳಚುವ ದಾರಿ. ಗೆದ್ದವನೊಬ್ಬ ಚಹದಂಗಡಿಯಲ್ಲಿ ಕೂತು, "ವಯಸ್ಸಾದವರು ಹೊರಟಿದ್ದರೆ ಮಂಚಿಕೇರಿಯಿಂದ ಚಟ್ಟದ ಮೇಲೆ ತರಬೇಕಾಗ್ತಿತ್ತು" ಎಂದ. ಪಕ್ಕದ ಬೆಂಚಿನಲ್ಲಿ ನಾವು ನಾಲ್ಕಾರು ಮಂದಿ ವಯಸ್ಸಾದವರೇ ಕೂತಿದ್ದೆವು. ಹಾಗೆ ಹುಟ್ಟಿತು ನಲವತ್ತು ದಾಟಿದವರ ಪಂದ್ಯ. ವಯಸ್ಸಿಗೆ ದಾಖಲೆ ಯಾರ ಹತ್ತಿರ ಇತ್ತು? ಮೊದಲ ಸಲ ಪ್ಲೇಗು ಬಂದು ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿದ್ದು ಯಾರಿಗೆ ನೆನಪಿದೆಯೋ ಅವರಿಗೆ ಪ್ರವೇಶ ಎಂದಾಯಿತು. ನೆನಪಿಲ್ಲದವರೂ ನೆನಪು ಮಾಡಿಕೊಂಡು ಬಂದರು. ಒಟ್ಟು ಒಂಬತ್ತು ಜನ ನಿಂತೆವು.

ನಾನು ನಿಂತದ್ದು ನನ್ನ ಗೆಳೆಯನ ಭರವಸೆಯ ಮೇಲೆ. ಅವನು ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಸಾಬ. ಸೊಟ್ಟಗಾದ ಚಕ್ರವನ್ನು ಎದುರಿಗೆ ತಿರುಗಲು ಬಿಟ್ಟು, ಬಲಗೈಯ ಹೆಬ್ಬೆರಳನ್ನು ಸುಮ್ಮನೆ ಹತ್ತಿರ ಹಿಡಿದು, ಎಲ್ಲಿ ಎಷ್ಟು ಬಿಗಿಯಬೇಕೆಂದು ಬೆರಳಿನಲ್ಲೇ ತಿಳಿಯುತ್ತಿದ್ದ. ಸಿದ್ದಾಪುರದಿಂದ ಕೂಡ ಜನ ಚಕ್ರ ಹೊತ್ತು ಅವನಲ್ಲಿಗೆ ಬರುತ್ತಿದ್ದರು. ಅವನ ಮನೆಯ ಅನ್ನವೆಂದರೆ ಆ ಬಲಗೈ.

ಪಂದ್ಯಕ್ಕೆ ಅವನಲ್ಲಿದ್ದುದು ಎರಡು ಸೈಕಲ್. ಒಂದಕ್ಕೆ ಗಟ್ಟಿ ಬ್ರೇಕು, ಇನ್ನೊಂದಕ್ಕೆ ಬ್ರೇಕೇ ಇಲ್ಲ. ಪೆಡಲನ್ನು ಕಾಲಿನಿಂದ ಹಿಂದಕ್ಕೆ ಒತ್ತಿ ತಡೆಯಬೇಕು. ಬ್ರೇಕಿನದನ್ನು ನನ್ನ ಕಡೆ ತಳ್ಳಿದ.

"ಇದು ನೀವು ತಗೊಳ್ಳಿ ಮಾಸ್ತರ್ರೇ. ನೀವು ಬಿದ್ರೆ ಅಕ್ಕ ನನ್ನ ಅಂಗಡಿಗೆ ಬೆಂಕಿ ಇಡ್ತಾರೆ."

ಅಕ್ಕ ಎಂದರೆ ನನ್ನ ಹೆಂಡತಿ. ಅವಳೂ ಬಿಡಲಿಲ್ಲ: "ಈ ವಯಸ್ಸಲ್ಲಿ ನಿಮಗೆ ಎಂತಕ್ಕೆ ಇದೆಲ್ಲ? ಹಲ್ಲು ಮುರ್ಕಂಡು ಬಂದ್ರೆ ಆನು ಗಂಜಿ ಮಾಡಿ ಹಾಕ್ತ್ನಿಲ್ಲೆ."

ಇಲ್ಲಿ ನಮ್ಮ ಕಡೆಯ ರೂಢಿಯೊಂದನ್ನು ಹೇಳಬೇಕು. ಉದ್ದನೆಯ ಇಳಿಜಾರಿನಲ್ಲಿ ಸೈಕಲ್ಲನ್ನು ನಂಬುವವರು ಯಾರೂ ಇರಲಿಲ್ಲ. ಏರಿನ ತುದಿಯಲ್ಲಿ ಇಳಿದು, ಸೊಪ್ಪು ದಟ್ಟವಾಗಿರುವ ಟೊಂಗೆಯೊಂದನ್ನು ಕಡಿದು, ಹಗ್ಗದಿಂದ ಹಿಂದೆ ಕಟ್ಟಿ ಎಳೆದುಕೊಂಡು ಇಳಿಯುವುದು. ಟೊಂಗೆ ನೆಲಕ್ಕೆ ಉಜ್ಜಿ ವೇಗ ತಡೆಯುತ್ತದೆ. ಜೊತೆಯಲ್ಲಿ ಹೋಗುವವರ ನಡುವೆ ಕತ್ತಿ ಒಂದೇ ಇದ್ದರೆ ಅದು ಮುಂದಿನವನ ಸೊಂಟದಲ್ಲಿ. ಹಿಂದೆ ಬರುವವನಿಗೂ ಒಂದು ಟೊಂಗೆ ಕಡಿದು ದಾರಿಯ ಬದಿಗೆ ಇಟ್ಟು ಹೋಗುವುದು ಅವನ ಪಾಲಿನ ಕೆಲಸ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಬೆಳಿಗ್ಗೆ ಹೊರಟೆವು. ಮಂಚಿಕೇರಿ ಮುಟ್ಟುವಾಗ ಒಂಬತ್ತರಲ್ಲಿ ಆರು ಜನ ಮರದ ನೆರಳು ಕಂಡುಕೊಂಡಿದ್ದರು. ನನಗೆ ನನ್ನ ಮೇಲೇ ಆಶ್ಚರ್ಯ, ಕಾಲು ಸೋಲುತ್ತಿಲ್ಲ. ಉಮ್ಮಚಗಿಯ ಕಡೆಯ ದೊಡ್ಡ ಏರಿನ ಬುಡದಲ್ಲಿ ಗೆಳೆಯ ಏದುಸಿರು ಬಿಡುತ್ತ ಕತ್ತಿಯನ್ನು ಅದರ ಸೊಂಟದ ಕೊಕ್ಕೆ ಸಮೇತ ಬಿಚ್ಚಿ ಕೊಟ್ಟ.

"ನೀವು ಹೋಗಿ. ನನಗೊಂದು ಟೊಂಗೆ ಕಡಿದಿಡಿ, ಸಾಕು."

ನಾನು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಏರಿದೆ. ತುದಿಯಲ್ಲಿ ಇಳಿದು ಮರ ನೋಡುತ್ತಿದ್ದೆ ಕೂಡ. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಯಲ್ಲಾಪುರದ ಗುಮಾಸ್ತನೊಬ್ಬ ಕಂಡ. ನಮ್ಮೆಲ್ಲರಿಗಿಂತ ಮುಂದೆ ಇದ್ದವನು ಅವನೊಬ್ಬನೇ. ಸೈಕಲ್ ನಿಲ್ಲಿಸಿ, ಕಟ್ಟಿಕೊಂಡ ಟೊಂಗೆಯ ಹಗ್ಗ ಸಡಿಲವಾಗಿ, ಅದನ್ನು ಬಿಗಿಯುತ್ತಿದ್ದ. ನನಗೆ ಬ್ರೇಕು ಇದೆ. ಈಗಲೇ ಇಳಿದರೆ ಅವನನ್ನು ದಾಟುತ್ತೇನೆ. ಟೊಂಗೆ ಕಡಿಯುತ್ತ ನಿಂತರೆ ಅವನು ಹೋದ.

ಮರೆತೆ ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಕತ್ತಿ ಬೆನ್ನಿಗೆ ಒತ್ತುತ್ತಿತ್ತು, ಮರೆಯುವುದು ಹೇಗೆ? ಕತ್ತಿಯನ್ನಾದರೂ ಅಲ್ಲೇ ಇಟ್ಟು ಬರಬಹುದಿತ್ತು. ಅದಕ್ಕೂ ಪುರುಸೊತ್ತು ಮಾಡಿಕೊಳ್ಳಲಿಲ್ಲ. ಅವನು ಜಾಣ, ಏನಾದರೂ ಮಾಡಿಕೊಳ್ಳುತ್ತಾನೆ ಎಂದುಕೊಂಡು ಸೈಕಲ್ ಹತ್ತಿದೆ. ಗುಮಾಸ್ತನನ್ನು ದಾಟುವಾಗ ಕೂಗು ಹಾಕಿದ್ದೂ ನೆನಪಿದೆ, ನಾಚಿಕೆಗೇಡು.

ಗೆದ್ದೆ. ಯಲ್ಲಾಪುರದಲ್ಲಿ ಒಂದು ಶಾಲು ಹೊದಿಸಿದರು. ಗುಮಾಸ್ತ ಬಂದ, ಗೆಳೆಯ ಬರಲಿಲ್ಲ. ಬಿಸಿಲು ನೆತ್ತಿಗೇರಿದ ಮೇಲೆ ಒಂದು ಎತ್ತಿನ ಗಾಡಿ ಬಂತು. ಭತ್ತದ ಮೂಟೆಗಳ ಮೇಲೆ ಹಸಿ ಸೊಪ್ಪು ಹಾಸಿ ಅವನನ್ನು ಮಲಗಿಸಿದ್ದರು. ಬಲಗೈಯ ಮಣಿಕಟ್ಟು ನೋಡಲಾಗದಂತೆ ತಿರುಚಿತ್ತು. ಏರಿನ ನಡುವೆ ಅವನು ದಣಿವಾರಿಸಿಕೊಳ್ಳುತ್ತಿದ್ದಾಗ ಇದೇ ಗಾಡಿ ಅವನನ್ನು ದಾಟಿ ಹೋಗಿತ್ತಂತೆ. ತುದಿಯಲ್ಲಿ ದಾರಿಯ ಎರಡೂ ಬದಿ ಹುಡುಕಿದನಂತೆ. ಟೊಂಗೆ ಸಿಗದೆ ಕೈಯಲ್ಲೇ ಮುರಿದ ಸಣ್ಣ ಸೊಪ್ಪು ಕಟ್ಟಿಕೊಂಡು ಇಳಿದನಂತೆ. ಎರಡು ತಿರುವಿಗೆ ಸೊಪ್ಪು ಉದುರಿತು, ಮೂರನೆಯದರಲ್ಲಿ ಚೈನು ಕಳಚಿ ಪೆಡಲಿನ ತಡೆಯೂ ಹೋಯಿತು.

ಗೆಳೆಯ ಕಣ್ಣು ತೆರೆದು ಮೈಕೆಳಗಿನ ಸೊಪ್ಪನ್ನು ನೋಡಿದ. ಆಮೇಲೆ ಗಾಡಿಯವನನ್ನು ನೋಡಿದ.

"ಇದೇ ನನ್ನ ಟೊಂಗೆ. ಮಾಸ್ತರು ಕಡಿದಿಟ್ಟಿದ್ದು. ಇವನು ಎತ್ತಿಕೊಂಡು ಗಾಡಿಗೆ ಹಾಕ್ಕೊಂಡಾನೆ!"

ಗಾಡಿಯವನು ಬನವಾಸಿ ಕಡೆಯವನು. "ಇಲ್ರಿ, ನಿಮಗ ಮೆತ್ತಗಾಗ್ಲಿ ಅಂತ ನಾನಽ ಕಡದು ಹಾಸೇನ್ರಿ" ಎಂದ. ಯಾರು ಕೇಳುತ್ತಾರೆ? ಸೇರಿದ ಜನ ಕಳ್ಳ ಎಂದರು, ಕೊಲೆಗಡುಕ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಸೊಂಟದ ಕತ್ತಿಯ ಕಡೆ ಹೋಯಿತು. ಶಾಲು ಅದನ್ನು ಮುಚ್ಚಿತ್ತು. ಒಂದು ಮಾತು ಸಾಕಿತ್ತು, ನಾನು ಆಡಲಿಲ್ಲ. ಗಾಡಿಯವನು ಎತ್ತುಗಳಿಗೆ ನೀರನ್ನೂ ಕುಡಿಸದೆ ಹೊರಟುಹೋದ.

ಮೂಳೆ ಕೂಡಿತು, ಆದರೆ ಸೊಟ್ಟಗೆ. ಹೆಬ್ಬೆರಳು ಒಳಕ್ಕೆ ಮಡಚಿಕೊಂಡದ್ದು ಹಾಗೇ ಉಳಿಯಿತು. ಪಂಕ್ಚರು ಹೇಗೋ ಹಾಕುತ್ತಿದ್ದ, ಚಕ್ರದ ಸೊಟ್ಟ ತೆಗೆಯುವುದು ಮುಗಿದೇ ಹೋಯಿತು. ಸಿದ್ದಾಪುರದ ಜನ ಬರುವುದು ನಿಂತಿತು. ನಾನು ದಿನಾ ಸಂಜೆ ಶಾಲೆ ಬಿಟ್ಟಮೇಲೆ ಅವನ ಅಂಗಡಿಗೆ ಹೋಗಿ ಗಾಳಿ ಹಾಕಿಕೊಡುತ್ತಿದ್ದೆ. "ಮಾಸ್ತರ್ರ ದೋಸ್ತಿ ಅಂದ್ರೆ ದೋಸ್ತಿ" ಎಂದು ಅವನು ಗಿರಾಕಿಗಳ ಮುಂದೆ ಹೇಳುವಾಗ ಪಂಪನ್ನು ಮತ್ತಷ್ಟು ಜೋರಾಗಿ ಒತ್ತುತ್ತಿದ್ದೆ. ಹೇಳಿಬಿಡಬೇಕು ಎಂದು ಪ್ರತಿದಿನವೂ ಹೋಗುತ್ತಿದ್ದೆ, ಪ್ರತಿದಿನವೂ ಗಾಳಿ ಹಾಕಿ ಬರುತ್ತಿದ್ದೆ.

ಎಂಟು ಹತ್ತು ತಿಂಗಳು ಕಳೆದಿರಬೇಕು. ಒಂದು ಸಂಜೆ ಅವನೇ ಮಾತು ತೆಗೆದ.

"ನನಗೆ ಸಮಾಧಾನ ಇಲ್ಲ ಮಾಸ್ತರ್ರೇ. ಕಳ್ಳನಾಗಿದ್ರೆ ನನ್ನ ನೋಡಿ ಗಾಡಿ ಯಾಕೆ ನಿಲ್ಲಿಸ್ತಿದ್ದ? ಟೊಂಗೆ ಬೇರೆ ಯಾರೋ ಒಯ್ದಿರಬೇಕು, ಇಲ್ಲಾ ದನ ಎಳೆದು ಹಾಕಿರಬೇಕು. ನನ್ನನ್ನ ಹೊತ್ತು ತಂದವನಿಗೆ ಹತ್ತು ಜನರ ಮುಂದೆ ಕಳ್ಳ ಅಂದೆ. ಹೋಗಿ ಮಾಫಿ ಕೇಳಬೇಕು. ನೀವು ಸಂಗಡ ಬನ್ನಿ, ನೀವಿದ್ರೆ ಮಾತಿಗೆ ತೂಕ."

ಅವನಿಗೆ ಹ್ಯಾಂಡಲು ಹಿಡಿಯಲು ಬರುತ್ತಿರಲಿಲ್ಲ. ಶಿರಸಿಯ ಅರ್ಧ ಊರಿಗೆ ಸೈಕಲ್ ಕಲಿಸಿದವನನ್ನು ನನ್ನ ಹಿಂದೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬನವಾಸಿಯವರೆಗೆ ತುಳಿದೆ. ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಹಿಂದಿನಿಂದ ದಾರಿಯುದ್ದಕ್ಕೂ ನನ್ನನ್ನೇ ಕೇಳುತ್ತಿದ್ದ. ಶಬ್ದಗಳನ್ನು ನಾನೇ ಜೋಡಿಸಿಕೊಟ್ಟೆ.

ಗಾಡಿಯವನು ಮನೆಯ ಮುಂದೆ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಗೆಳೆಯ ಆ ಸೊಟ್ಟ ಕೈಯನ್ನೂ ಸೇರಿಸಿ ಎರಡೂ ಕೈ ಮುಗಿದ. ಕಲಿಸಿಕೊಟ್ಟದ್ದನ್ನೆಲ್ಲ ಮರೆತು, "ತಪ್ಪಾಯ್ತಪ್ಪ" ಎಂದಷ್ಟೇ ಹೇಳಿದ.

"ಆತು ಬಿಡ್ರಿ ಸಾಬ್ರ, ನೋವಿನ್ಯಾಗ ಆಡಿದ ಮಾತು" ಎಂದ ಗಾಡಿಯವನು. ಆಮೇಲೆ ನನ್ನ ಕಡೆ ತಿರುಗಿದ. "ಮಾಸ್ತರ್ರ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅವತ್ತ ನೀವು ಟೊಂಗಿ ಕಡದಿಟ್ಟಿದ್ದು ಖರೇನಽ? ನಾ ಆ ಏರಿನ ಮ್ಯಾಲೆ ಎತ್ತಿನ ಮುಂದ ನಡಕೊಂಡಽ ಬಂದೇನಿ. ಗುಮಾಸ್ತರು ಕಡದದ್ದೊಂದು ಗುರುತು ಬಿಟ್ರ ಯಾವ ಮರದಾಗೂ ಹಸಿ ಗಾಯ ಕಾಣ್ಲಿಲ್ಲ."

ಗೆಳೆಯನೂ ನನ್ನ ಕಡೆ ನೋಡಿದ. ಇನ್ನೇನು ಬೇಕಿತ್ತು ನನಗೆ? ಬಾಗಿಲು ತೆರೆದು ಕೊಟ್ಟಿದ್ದ ಆ ಮನುಷ್ಯ. ಅವಸರವಿರಲಿಲ್ಲ, ಯಾರೂ ಮುಂದೆ ಓಡುತ್ತಿರಲಿಲ್ಲ, ಗೆಲ್ಲುವುದು ಏನೂ ಇರಲಿಲ್ಲ.

"ಇಟ್ಟಿದ್ದೆ" ಎಂದೆ.

ಗಾಡಿಯವನು ನನ್ನ ಮುಖವನ್ನು ನೋಡಿದ. ಮತ್ತೆ ಹುಲ್ಲಿನ ಕಡೆ ಬಗ್ಗಿದ.

"ಹಂಗಾರ ನಾನಽ ಒಯ್ದಿರಬೇಕು ಬಿಡ್ರಿ."

ವಾಪಸು ಹೊರಟೆವು. ಶಿರಸಿ ಮುಟ್ಟುವವರೆಗೆ ಹಿಂದಿನಿಂದ ಒಂದು ಮಾತೂ ಬರಲಿಲ್ಲ.