ಲಕ್ಷ್ಮಿಗೆ ಆಫ್ ಅನ್ನುವುದು ಹೇಗೆ

ನಮ್ಮ ಮನೆಯಲ್ಲಿ ಸಂಜೆಯ ದೀಪ ಅತ್ತೆಯದು. ನಾನು ಮದುವೆಯಾಗಿ ಉದ್ದನಪಲ್ಲಿಗೆ ಬಂದಾಗಿನಿಂದ ಹಾಗೇ. ಮುಚ್ಚಂಜೆಯಾಗುತ್ತಿದ್ದಂತೆ ಅತ್ತೆ ಮುಖ ತೊಳೆದು, ಹಣೆಗಿಟ್ಟುಕೊಂಡು, ದೇವರ ಮುಂದೆ ದೀಪ ಹಚ್ಚಿ, ಆಮೇಲೆ ಜಗಲಿಯ ಬಲ್ಬಿನ ಸ್ವಿಚ್ ಒತ್ತುತ್ತಿದ್ದರು. ಬಲ್ಬು ಹತ್ತಿದ ಕೂಡಲೇ ಅದಕ್ಕೂ ಕೈಮುಗಿಯುತ್ತಿದ್ದರು. ಎಣ್ಣೆಯದಾದರೇನು, ಕರೆಂಟಿನದಾದರೇನು, ಲಕ್ಷ್ಮಿ ಬರುವ ಹೊತ್ತಿಗೆ ಬಾಗಿಲಲ್ಲಿ ಬೆಳಕಿರಬೇಕು ಎಂಬುದು ಅವರ ಮಾತು. ಹಾಲು ಮೊಸರಿನ ಕೆಲಸ ನನಗೆ ಬಿಟ್ಟುಕೊಟ್ಟರು, ಅಡುಗೆಮನೆಯನ್ನೂ ಬಿಟ್ಟುಕೊಟ್ಟರು. ಆ ಸ್ವಿಚ್ಚನ್ನು ಮಾತ್ರ ಕೊಟ್ಟಿರಲಿಲ್ಲ.

ಕೊಟ್ಟಿಗೆಯ ಮುಂದೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅತ್ತೆ ಮಂಚ ಹಿಡಿದರು. ಆಪರೇಷನ್ ಆಯಿತು. ಮೊದಲಿನಂತೆ ಎದ್ದು ಓಡಾಡುವುದು ಕಷ್ಟ ಎಂದು ಡಾಕ್ಟರು ಹೇಳಿದರು. ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಲೈನಿನ ಕೆಲಸದವಳು. ಕಂಪನಿ ಬಸ್ಸು ನನ್ನನ್ನು ರಸ್ತೆಯಲ್ಲಿ ಇಳಿಸುವ ಹೊತ್ತಿಗೆ ಕತ್ತಲಾಗಿರುತ್ತದೆ. ನನ್ನ ಗಂಡನದು ಎರಡನೇ ಶಿಫ್ಟು. ಮಾವ ಹಾಲು ಕರೆದು ಡೈರಿಗೆ ಹೋಗಿರುತ್ತಾರೆ. ಹೋಗುವ ಮುಂಚೆ ಅವರು ದೀಪ ಹಾಕಲು ಬಂದರೆ ಅತ್ತೆ ಬಿಡುತ್ತಿರಲಿಲ್ಲ, ಬಿಸಿಲಲ್ಲಿ ಹಾಕಿದ್ದು ಯಾವ ದೀಪ ಎನ್ನುತ್ತಿದ್ದರು. ಹಾಗಾಗಿ ನಾನು ಬರುವವರೆಗೆ ಕತ್ತಲಲ್ಲೇ ಮಲಗಿರುತ್ತಿದ್ದರು.

ಒಂದು ಸಂಜೆ ನಾನು ಬಂದವಳೇ ಸ್ವಿಚ್ ಒತ್ತಿದೆ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು.

“ಹಾಕಮ್ಮಿ, ಹಾಕು. ಅತ್ತೆಗೊಂದ್ ಕಾಲ, ಸೊಸೆಗೊಂದ್ ಕಾಲ. ನಾನಿದ್ರೂ ಇಲ್ದಂಗೇ ಆಯ್ತು.”

ಮೂಳೆ ಮುರಿದಾಗಲೂ ಅಳದಿದ್ದ ಹೆಂಗಸು ಆವತ್ತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ, ಆ ಸ್ವಿಚ್ಚಿನ ಮೇಲೆಯೇ ಇರಬೇಕು. ಮಂಚದಿಂದ ಅದಕ್ಕೆ ನಾಲ್ಕು ಮಾರು ದೂರವೂ ಇಲ್ಲ. ಅತ್ತೆ ಎದ್ದು ಹೋಗಲಾರರು ಎಂದರೆ ದೀಪವೇ ಅತ್ತೆಯ ಮಾತು ಕೇಳಬೇಕು ಎಂದು ಆವತ್ತೇ ತೀರ್ಮಾನಿಸಿದೆ. ಹಿಡಿದದ್ದನ್ನು ಬಿಡುವವಳಲ್ಲ ನಾನು. ನನ್ನದು ಉಡದ ಪಟ್ಟು ಎಂದು ನನ್ನ ಗಂಡ ಛೇಡಿಸುವುದುಂಟು.

ಜೊತೆಯಲ್ಲಿ ಕೆಲಸ ಮಾಡುವವಳ ಮನೆಯಲ್ಲಿ ಅಂಥದ್ದನ್ನು ನೋಡಿದ್ದೆ. ಸಾಕೆಟ್ಟಿಗೆ ಸಿಕ್ಕಿಸುವ ಒಂದು ಸ್ಮಾರ್ಟ್ ಪ್ಲಗ್ಗು, ಹೇಳಿದ್ದನ್ನು ಕೇಳಿಸಿಕೊಂಡು ಅದನ್ನು ನಡೆಸುವ ಒಂದು ಮಾತಿನ ಡಬ್ಬಿ. ಎರಡನ್ನೂ ತರಿಸಿದೆ. ವಾರದ ರಜೆಯ ದಿನ ಜಗಲಿಗೆ ಹೊಸ ಹೋಲ್ಡರ್ ಹಾಕಿ, ವೈರನ್ನು ಕಿಟಕಿಯಿಂದ ಒಳಗೆಳೆದು, ನಡುಮನೆಯ ಸಾಕೆಟ್ಟಿನಲ್ಲಿ ಪ್ಲಗ್ಗು ಕೂರಿಸಿದೆ. ಅದು ಮಿಣಕ್ ಮಿಣಕ್ ಎಂದಿತೇ ಹೊರತು ವೈಫೈಗೆ ಸೇರಲೊಲ್ಲದು. ಮನೆಯೊಳಗೆ ನೆಟ್ಟು ಧಾರಾಳವಾಗಿ ಬರುತ್ತಿದೆ, ಪ್ಲಗ್ಗಿಗೆ ಮಾತ್ರ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ. ಲೈನಿನಲ್ಲಿ ಒಂದು ಪೀಸು ಕೆಟ್ಟರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬಾರದು, ಒಂದನ್ನೇ ಬದಲಿಸಿ ನೋಡಬೇಕು ಎಂದು ನಮಗೆ ಕಲಿಸಿದ್ದಾರೆ. ಹಾಗೇ ಮಾಡುತ್ತ ಹೋದೆ. ನಮ್ಮ ನೆಟ್ಟು ಎರಡು ಹೆಸರಿನಲ್ಲಿ ಬರುತ್ತದೆ, ಒಂದು ವೇಗದ್ದು, ಒಂದು ನಿಧಾನದ್ದು. ಪ್ಲಗ್ಗಿಗೆ ಆಗಿಬರುವುದು ನಿಧಾನದ್ದು ಮಾತ್ರ. ಅದು ಗೊತ್ತಾಗುವಷ್ಟರಲ್ಲಿ ಮಧ್ಯಾಹ್ನದ ಮುದ್ದೆ ಆರಿಹೋಗಿತ್ತು.

ಮಿಣುಕುವುದು ನಿಂತಿತು. ಪ್ಲಗ್ಗಿಗೊಂದು ಹೆಸರು ಕೊಡಿ ಎಂದು ಫೋನು ಕೇಳಿತು. ನಾನು ಅತ್ತೆಯನ್ನು ಕೇಳಿದೆ.

“ಸಂಜೆ ದೀಪಕ್ಕೆ ಇನ್ನೇನಮ್ಮಿ ಹೆಸ್ರು? ಲಕ್ಷ್ಮಿ.”

ಡಬ್ಬಿಗೆ ಕನ್ನಡ ಬಾರದು, ಇಂಗ್ಲಿಷಿನಲ್ಲಿ ಹೇಳಬೇಕು ಎಂದು ಹಿಂಜರಿಯುತ್ತಲೇ ಹೇಳಿದೆ. ಅತ್ತೆಗೆ ಅದೊಂದು ವಿಷಯವೇ ಆಗಲಿಲ್ಲ.

“ಸಂತೇಲಿ ತಮಿಳು ಆಡ್ದೆ, ಬೀಗರ ತಾವ ತೆಲುಗು ಆಡ್ದೆ. ಇದ್ರ ತಾವ ಇಂಗ್ಲೀಸು. ಹೇಳ್ಕೊಡು.”

ಆ ಸಂಜೆ ನನ್ನಿಂದ ಮುಖ ತೊಳೆಸಿಕೊಂಡು, ಹಣೆಗಿಡಿಸಿಕೊಂಡು, ದಿಂಬಿಗೆ ಒರಗಿ ಕುಳಿತರು. ಡಬ್ಬಿಯನ್ನು ಅದರ ಹೆಸರು ಹಿಡಿದು ಕರೆದರು. “ಲಕ್ಷ್ಮಿ ಆನ್,” ಎಂದರು. ಜಗಲಿಯಲ್ಲಿ ಬೆಳಕಾಯಿತು. ಅತ್ತೆ ಕುಳಿತಲ್ಲೇ ಕೈಮುಗಿದರು. ನನಗೆ ಅಳು ಬಂದು, ಪೊರಕೆ ಹುಡುಕುವವಳಂತೆ ಹೊರಗೆ ಹೋದೆ.

ಮಾರನೆಯ ಸಂಜೆ ಬಸ್ಸಿಳಿದು ಬರುವಾಗ ತಿರುವಿನಿಂದಲೇ ನೋಡಿದೆ. ಮನೆ ಕತ್ತಲು. ಒಳಗೆ ಅತ್ತೆ ಕರೆಯುತ್ತಲೇ ಇದ್ದರು, ಲಕ್ಷ್ಮಿ ಸಿಗುತ್ತಿಲ್ಲ ಎಂದು ಡಬ್ಬಿ ಹೇಳುತ್ತಲೇ ಇತ್ತು. ನೋಡಿದರೆ ಗೋಡೆಯ ಸಾಕೆಟ್ಟಿನ ಸ್ವಿಚ್ಚೇ ಆಫ್. ಅದು ಆರಿದರೆ ಪ್ಲಗ್ಗಿಗೆ ಜೀವವಿಲ್ಲ, ಯಾರು ಕರೆದರೂ ಕೇಳದು. ಮಾವನ ಕೆಲಸವೇ ಇರಬೇಕು ಎಂದುಕೊಂಡೆ; ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಬರುವುದು ಅವರ ರೂಢಿ. ಇದೊಂದನ್ನು ಮುಟ್ಟಬೇಡಿ ಮಾವ ಎಂದೆ. ತಲೆಯಾಡಿಸಿದರು. ಮರುದಿನವೂ ಆಫ್.

ಫ್ಯಾಕ್ಟರಿಯಲ್ಲಿ ಮುಟ್ಟಬಾರದ ಸ್ವಿಚ್ಚಿಗೆ ಕೆಂಪು ಚೀಟಿ ಕಟ್ಟುತ್ತೇವೆ. ಅದು ನೇತಾಡುತ್ತಿದ್ದರೆ ಮ್ಯಾನೇಜರೂ ಕೈ ಹಾಕುವಂತಿಲ್ಲ. ಅಂಥದ್ದೇ ಒಂದು ಚೀಟಿ ಮಾಡಿ ಮನೆಯ ಸ್ವಿಚ್ಚಿಗೂ ಕಟ್ಟಿದೆ. ಮಾರನೆಯ ಸಂಜೆ ಚೀಟಿ ಕಟ್ಟಿದ ಹಾಗೇ ಇತ್ತು, ಸ್ವಿಚ್ಚು ಆರಿತ್ತು.

“ಬುಡಮ್ಮಿ,” ಎಂದರು ಅತ್ತೆ. ದನಿ ಸೋತಿತ್ತು. “ಮದ್ಲಿನಂಗೇ ಮಾಡ್ಬುಡು. ನೀನೇ ಹಾಕ್ಕೋ. ನನ್ ಮಾತು ದೀಪಕ್ಕೂ ಬ್ಯಾಡ.”

ಬಿಡುವುದೇ? ಡೈರಿಯಿಂದ ಬಂದ ಮಾವನನ್ನು ಜಗಲಿಯಲ್ಲೇ ನಿಲ್ಲಿಸಿ ಕೇಳಿದೆ. ಮಾವನೊಂದಿಗೆ ನಾನು ದನಿ ಏರಿಸಿದ್ದು ಅದೇ ಮೊದಲು. ಅವರು ಹಾಲಿನ ಕ್ಯಾನು ಕೆಳಗಿಟ್ಟು ಒಳಗೆ ನೋಡಿದರು.

“ನಿಮ್ಮತ್ತೇನೇ ಆರ್ಸು ಅಂತಾಳಮ್ಮ. ನಾನೇನ್ ಮಾಡ್ಲಿ?”

ಅತ್ತೆ ಮೇಲೆ ತೊಲೆ ನೋಡುತ್ತಿದ್ದರು. “ಆರಿಸೋಕೂ ಮಾತು ಹೇಳ್ಕೊಟ್ಟಿದ್ದೀನಲ್ಲ ಅತ್ತೆ. ಆಫ್ ಅಂದ್ರಾಯ್ತು,” ಎಂದೆ.

“ಲಕ್ಷ್ಮಿ ಆಫ್ ಅಂತ ನನ್ ಬಾಯಲ್ಲಿ ಹೆಂಗಮ್ಮಿ ಅನ್ಲಿ? ಮನೆಗ್ ಬಂದೋಳ್ನ ಹೋಗು ಅಂತಾರಾ?”

ಮನೆಗೆ ಬಂದ ಲಕ್ಷ್ಮಿಯನ್ನು ತಾನು ಬಾಯಿಬಿಟ್ಟು ಕಳಿಸಲಾರರು. ಅದಕ್ಕೇ ಮಲಗುವಾಗ ಮಾವನಿಗೆ ಕಣ್ಸನ್ನೆ. ಮಾವ ಸದ್ದಿಲ್ಲದೆ ಗೋಡೆಯ ಸ್ವಿಚ್ಚು ಆರಿಸುತ್ತಿದ್ದರು. ಕರೆದರೆ ಬರುತ್ತಾಳೆ ಎಂದು ನಾನೇ ಹೇಳಿದ್ದರಿಂದ, ಬೆಳಿಗ್ಗೆ ಮತ್ತೆ ಅದನ್ನು ಹಾಕಬೇಕು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ನನ್ನ ಸಿಟ್ಟೆಲ್ಲ ಇಳಿದು ನಗು ಬಂತು.

ಹೆಸರು ಬದಲಿಸಿ ಬಲ್ಬು ಎಂದು ಇಡೋಣ, ಬಲ್ಬಿಗೆ ಆಫ್ ಎಂದರೆ ದೋಷವಿಲ್ಲ ಎಂದೆ.

“ಬಲ್ಬು ಅಂತ ಕೂಗಿ ಕೈ ಮುಗೀಲಾ?” ಎಂದರು ಅತ್ತೆ.

ಅದೂ ಸರಿಯೇ. ಮತ್ತೆ ಫೋನು ಹಿಡಿದು ಕುಳಿತೆ. ಹುಡುಕಿದರೆ ದಾರಿ ಇತ್ತು: ಬೆಳಗಾದ ಮೇಲೆ ದೀಪ ತಾನಾಗಿ ಆರುವಂತೆ ಹೊತ್ತು ಗೊತ್ತುಮಾಡಿಡಬಹುದು. ಯಾರೂ ಕಳಿಸುವುದು ಬೇಡ ಅತ್ತೆ, ಹೊತ್ತು ಹುಟ್ಟಿದ ಮೇಲೆ ಅವಳೇ ಹೋಗುತ್ತಾಳೆ ಎಂದು ವಿವರಿಸಿದೆ.

“ಸೂರ್ಯ ಬಂದ್ಮೇಲೆ ದೀಪಕ್ಕೇನ್ ಕೆಲ್ಸ? ಆಗ್ಲಿ. ಆ ಕೆಂಪು ಚೀಟಿ ಕಿತ್ತಾಕು. ಸ್ವಿಚ್ಚಿಗೆ ಅರಿಶಿನ ಕುಂಕುಮ ಇಡು. ಆಮೇಲೆ ಅವ್ರು ಹೆಂಗ್ ಮುಟ್ತಾರೋ ನೋಡ್ತೀನಿ.”

ಇಟ್ಟೆ. ಆವತ್ತು ಮಲಗುವ ಮುಂಚೆ ಮಾವನ ಕೈ ರೂಢಿಯಂತೆ ಸ್ವಿಚ್ಚಿನ ಹತ್ತಿರ ಹೋಯಿತು, ಕುಂಕುಮ ಕಂಡು ನಿಂತಿತು. ಅದೇ ಕೈಯನ್ನು ಎದೆಗೆ ತಂದು ನಮಸ್ಕಾರ ಮಾಡಿ ಹೋಗಿ ಮಲಗಿದರು. ಮಾರನೆಯ ಸಂಜೆ ತಿರುವಿನಿಂದಲೇ ಜಗಲಿಯ ಬೆಳಕು ಕಂಡಿತು. ಅದರ ಮರುದಿನವೂ ಕಂಡಿತು.

ಆಮೇಲೊಂದು ದಿನ, ಹಬ್ಬದ ಹಿಂದಿನ ದಿನ, ಫ್ಯಾಕ್ಟರಿ ಬೇಗ ಬಿಟ್ಟರು. ನಾನು ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆಗೆ ಮಾತ್ರೆಯ ನಿದ್ದೆ. ಕತ್ತಲಾದರೂ ಏಳಲಿಲ್ಲ. ಡಬ್ಬಿಯನ್ನು ಕರೆಯಲು ನನ್ನ ಬಾಯಿ ತೆರೆದಿತ್ತು, ಮುಚ್ಚಿಕೊಂಡೆ. ಜಗಲಿಗೆ ಹೋಗಿ ಕುಳಿತೆ. ಡೈರಿಯಿಂದ ಬಂದ ಮಾವ ನನ್ನನ್ನು ನೋಡಿ, ಒಳಗೆ ಇಣುಕಿ, ಪಕ್ಕದಲ್ಲಿ ಕುಳಿತರು. ಸೊಳ್ಳೆ ಕಚ್ಚುತ್ತಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಕರೆಂಟ್ ಇಲ್ವಾ ಎಂದು ಕೇಳಿದರು.

“ಐತೆ, ಐತೆ,” ಎಂದರು ಮಾವ.

ಒಳಗೆ ಮಂಚ ಕಿರ್ ಎಂದಿತು. ಅತ್ತೆ ಗಂಟಲು ಸರಿಮಾಡಿಕೊಂಡು ಡಬ್ಬಿಯನ್ನು ಕರೆದದ್ದು ಕೇಳಿಸಿತು. ನಮ್ಮಿಬ್ಬರ ಮೇಲೆ ಬೆಳಕು ಬಿತ್ತು. ಇಬ್ಬರೂ ಕೈಮುಗಿದೆವು.

“ಯಾಕಮ್ಮಿ, ಇಬ್ರೂ ಕತ್ಲಲ್ಲಿ ಕುಂತ್ಕಂಡಿದ್ದೀರಾ?” ಅತ್ತೆ ಒಳಗಿನಿಂದಲೇ ಗದರಿದರು. “ನಾನಿಲ್ವಾ?”